ನೆತ್ತಿಯಿಂದ ಎರಡು ಮಿಲಿಮೀಟರ್ ಹಿಂದೆ

ದೇವನಹಳ್ಳಿಯ ಕಸ್ಟಮ್ಸಿನಲ್ಲಿ ನಾಲ್ಕು ದಿನ ಕೂತಿತ್ತು ಪೆಟ್ಟಿಗೆ.
ಒಣಮಂಜು ಹೊಗೆಯಾಗುತ್ತ ಆಗುತ್ತ ಹಿಡಿಯಷ್ಟು ಉಳಿದಿತ್ತು,
ತೊಡೆಯ ಮೇಲಿಟ್ಟುಕೊಂಡು ನಾನು ಹೆಬ್ಬಾಳ ದಾಟುವಾಗ.
‘ಏನ್ ಮೇಡಂ, ಐಸ್‌ಕ್ರೀಮಾ?’ ಅಂದ ಸೊಣ್ಣಪ್ಪ.
ವೈರಸ್ ಅಂದೆ.
ಕನ್ನಡಿಯಲ್ಲೊಮ್ಮೆ ನೋಡಿ
ಜೀಪಿನ ಗಾಜು ಇಳಿಸಿದ.

ಹೆದರಬೇಡಿ ಸೊಣ್ಣಪ್ಪ,
ಅದರ ಹೊಟ್ಟೆಯದೆಲ್ಲ ಬಗೆದು ತೆಗೆದಾಗಿದೆ.
ಮರಿ ಹಾಕುವ ವಿದ್ಯೆ ಮರೆತಿದೆ.
ಉಳಿದದ್ದು ಇಪ್ಪತ್ತು ಮುಖದ ಖಾಲಿ ಡಬ್ಬಿ,
ಕಂಡ ಕದ ತಟ್ಟುವ ಹಳೇ ಚಾಳಿ,
ಮತ್ತೆ ನಾವು ಕಟ್ಟಿಕೊಟ್ಟ ಬುತ್ತಿ:
ಯಾವುದೋ ಕಡಲಿನ ಲೋಳೆಮೀನಿಂದ ಎರವಲು ತಂದ
ಒಂದು ಸಾಲು. ಮಾತಾಡಿದಾಗೆಲ್ಲ ಮಿನುಗು, ಅಷ್ಟೆ.

ಇಲಿ ನಾನೂರ ಹದಿನೇಳು. ಎಡಗಿವಿಗೆ ಎರಡು ಕಚ್ಚು.
ಮತ್ತಿನ ಗಾಳಿ ಕುಡಿದು ಮಲಗಿದೆ ಬಿಸಿ ಹಾಸಿನ ಮೇಲೆ.
ಚರ್ಮ ಸರಿಸಿದರೆ ಮೂಳೆಗಳು ಬಂದು ಕೂಡುವ ಚುಕ್ಕಿ.
ಪುಸ್ತಕ ಅದನ್ನು ಬ್ರೆಗ್ಮಾ ಅನ್ನುತ್ತದೆ. ನನಗದು ನೆತ್ತಿ.
ತಂಗಿಯ ನೆತ್ತಿಗೆ ಅಜ್ಜಿ ಹರಳೆಣ್ಣೆ ಒತ್ತುವಾಗ
ಮೆತ್ತಗೆ ಏಳುತ್ತಿತ್ತು, ಇಳಿಯುತ್ತಿತ್ತು.
‘ಮುಟ್ಟಬೇಡ್ವೇ, ಅಲ್ಲಿನ್ನೂ ಬಾಗಿಲು ಹಾಕಿಲ್ಲ.’

ಅಲ್ಲಿಂದಲೇ ಅಳತೆ.
ಹಿಂದಕ್ಕೆ ಎರಡು, ಬಲಕ್ಕೆ ಒಂದೂವರೆ,
ಕೆಳಕ್ಕೆ ಒಂದು ಸಾಸಿವೆ.
ಯಶವಂತಪುರದ ಕಡೆ ಗೂಡ್ಸು ಹೋದರೆ ಗಾಜಿನ ಸೂಜಿ ನಡುಗುತ್ತದೆ;
ಕೊನೆಯ ಡಬ್ಬಿ ದಾಟುವವರೆಗೆ ಕೈ ತಡೆದು ಕಾಯುತ್ತೇನೆ.
ಕೋಟಿಗಟ್ಟಲೆ ಇಳಿದರೂ ಹನಿಯೆಂಬ ಹನಿ ಕಾಣುವುದಿಲ್ಲ.
ಇಳಿಸಿದ ಮೇಲೆ ಇನ್ನೂ ಹತ್ತು ನಿಮಿಷ ಅಲ್ಲೇ ಇರಬೇಕು.
ಸೂಜಿ ಬೇಗ ಎಳೆದರೆ ಬೆನ್ನಿಗೇ ಬಂದುಬಿಡುತ್ತವೆ,
ಮೊದಲ ದಿನ ಶಾಲೆಗೆ ಬಿಟ್ಟ ಮಕ್ಕಳು.

ಅಜ್ಜಿಯ ಮುಖದ ತುಂಬ ಅಮ್ಮನ ಹೆಜ್ಜೆ.
ಏಳರ ಹುಡುಗಿ, ಕಾಟನ್‌ಪೇಟೆಯ ವಠಾರದಲ್ಲಿ.
ಹದಿನೆಂಟು ದಿನ ಇದ್ದು
ಒಂದು ಕಣ್ಣು ಇಸಕೊಂಡು ಹೋದಳಂತೆ.
‘ನಿನ್ನ ಕೆಲಸ ಏನೇ ಅದು?’
ಅಮ್ಮನಂಥವರ ಕೈ ಖಾಲಿ ಮಾಡಿಸಿ
ಇಲಿಯ ತಲೆಯೊಳಗೆ ಕಳಿಸೋದು, ಅಂದೆ.
ನಗಲಿಲ್ಲ.
‘ಬೇವು ಇಡ್ತೀರಾ? ಮೊಸರನ್ನ?
ಬಂದವಳನ್ನ ತಂಪು ಮಾಡಿ ಕಳಿಸ್ಬೇಕು.
ಹೋಗ್ತಾಳೆ ತಾನೆ?’

ಹೋಗುವುದಿಲ್ಲ, ಅಲ್ಲೇ ಕರಗುತ್ತಾಳೆ,
ಬುತ್ತಿ ಮಾತ್ರ ಉಳಿಯುತ್ತದೆ ಇಲಿ ಇರುವಷ್ಟು ದಿನ
ಅನ್ನಬೇಕಿತ್ತು. ಕಾಫಿ ಬಗ್ಗಿಸಿಕೊಟ್ಟೆ.

ಮೂರು ವಾರ. ಬೋನಿನ ಹೊಟ್ಟು ಬದಲಿಸುತ್ತ ಫಿಲೋಮಿನಾ
ಹದಿನೇಳನ್ನು ‘ಬಾರೋ ಕಳ್ಳ’ ಅನ್ನತೊಡಗಿದಳು.
ಹೆಸರಿಡಬೇಡ ಅಂದಿದ್ದೆ.
ಇಪ್ಪತ್ತೆರಡನೆಯ ದಿನ, ಕವಲಿನಲ್ಲಿ ಕಳ್ಳ
ಎಡವೋ ಬಲವೋ ಎಂದು ಮೀಸೆ ಆಡಿಸುತ್ತ ನಿಂತಾಗ
ಪರದೆಯ ಮೇಲೆ ಒಂದು ಕೋಶ ಹಸಿರಾಯಿತು.
ತಡೆದು, ಇನ್ನೊಂದು.
ಮೇಖ್ರಿ ಸರ್ಕಲ್ಲಿನಲ್ಲಿ ಇಷ್ಟು ವರ್ಷ ನನಗೆ ಸಿಗದ ಹಸಿರು.
ಬಲಕ್ಕೆ ಹೋಯಿತು. ಅಲ್ಲಿ ಸಿಹಿನೀರಿತ್ತು.

ಕೊನೆಯ ದಿನದ ದಾಖಲೆಯಲ್ಲಿ
‘ಸ್ಯಾಕ್ರಿಫೈಸ್’ ಎಂದೇ ಬರೆಯುತ್ತೇವೆ.
ಅಜ್ಜಿಗೆ ತಟ್ಟನೆ ತಿಳಿದೀತು ಆ ಮಾತು.
ಫಿಲೋಮಿನಾ ಅವತ್ತು ಬೋನು ತೊಳೆಯಲು ಮಧ್ಯಾಹ್ನ ಬಂದಳು.

ಈರುಳ್ಳಿ ಪೊರೆಯಂತೆ ಹೆಚ್ಚಿದ ಮೆದುಳಿನಲ್ಲಿ
ಬಲಗಡೆ, ಸರಿ, ಅಂದುಕೊಂಡಲ್ಲೇ ಬೆಳಕು.
ಎಡಗಡೆ ನಾನು ಮುಟ್ಟೇ ಇರಲಿಲ್ಲ;
ಅಲ್ಲಿಯೂ ಏಳು ಕೋಶ.
ನೂಲು ಹಿಡಿದು ಹಿಂದಕ್ಕೆ ನಡೆದು
ವಿಳಾಸ ಬರೆಯದ ಮನೆಯ ಕದವನ್ನೂ ತಟ್ಟಿ ಬಂದಿದ್ದಾರೆ ಯಾರೋ.
ಎರಡು ಸಲ ಎಣಿಸಿದೆ.

ಟ್ಯೂಬಿನ ತಳದಲ್ಲಿ ಉಳಿದದ್ದನ್ನು
ಬ್ಲೀಚಿನ ನೀರಿಗೆ ಹಾಕಿ, ಗಡಿಯಾರ ನೋಡಿ, ಕೈತೊಳೆದು,
ಹೊರಗೆ ಕಲ್ಲುಬೆಂಚಿಗೆ ಬಂದೆ.
ಬುತ್ತಿಯಲ್ಲಿ ಮೊಸರನ್ನವೇ ಇತ್ತು.
ಮೇಲಿದ್ದದ್ದು ಬೇವಲ್ಲ, ಹೊಂಗೆ.
ಇರಲಿ ಎಂದು ಒಂದು ತುತ್ತು
ಬೇರಿನ ಬಳಿ ಇಟ್ಟೆ.